ಮುತ್ತಲದ ಹೂವು, ಮುತ್ತಲದ ಎಲೆ

ಮಾಘಮಾಸ ಮುಗಿಯುತ್ತ ಬಂದಂತೆ ವಿಜಯಪುರ ಸೀಮೆಯ ಎರೆಹೊಲಗಳು ಬರಿದಾಗತೊಡಗುತ್ತವೆ. ಬಿಳಿಜೋಳವನ್ನು ಕೊಯ್ದು, ಕಣಿಕೆಯ ಬಣವೆ ಒಟ್ಟಿದ ಮೇಲೆ ಅಲ್ಲಿ ಉಳಿಯುವುದು ಕೂಳೆ, ಬಿರುಕುಬಿಟ್ಟ ಕಪ್ಪು ನೆಲ, ಆ ನೆಲದ ಮೇಲೆ ನಡುಗುವ ಬಿಸಿಲು. ಇಂಡಿ, ಸಿಂದಗಿಗಳಿಗೆ ಬಡಗಣ ಎಲ್ಲೆಯಾಗಿ ಭೀಮೆ ಹರಿಯುತ್ತಾಳೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ತೆಂಕಣ ಎಲ್ಲೆಯಾಗಿ ಕೃಷ್ಣೆ ಹರಿಯುತ್ತಾಳೆ. ನಡುವೆ ಉಪ್ಪುನೀರಿನ ಡೋಣಿ. ಹೊಳೆಗಳು ಮೂರಿದ್ದರೂ ಇದು ಮಳೆಯ ದಾರಿಯನ್ನು ಕಾಯುವ ನಾಡೆಂದೇ ಹೆಸರಾದುದು. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಬೇವು, ಜಾಲಿಗಳನ್ನು ಬಿಟ್ಟರೆ ಕಣ್ಣಿಗೆ ಹಸುರು ಕಾಣುವುದೇ ಅಪರೂಪ. ಅಂಥ ಹೊತ್ತಿನಲ್ಲಿ ಹಳ್ಳದ ದಂಡೆಯ ಮೇಲೋ, ಹೊಲದ ಬದುವಿನಲ್ಲೋ, ಕಲ್ಲುಗುಡ್ಡದ ಓರೆಯಲ್ಲೋ ಒಂದೆಲೆಯೂ ಇಲ್ಲದ ವಕ್ರಾಂಗದ ಮರವೊಂದು ಮೈತುಂಬ ಕೆಂಡ ಹೊತ್ತುಕೊಂಡು ನಿಲ್ಲುತ್ತದೆ. ಅದೇ ಮುತ್ತುಗ. ಆ ಕಡೆಯ ಜನರ ಮಾತಿನಲ್ಲಿ ಮುತ್ತಲ ಗಿಡ.

ಮರ ಎತ್ತರವಾದುದಲ್ಲ. ಕಾಂಡ ನೆಟ್ಟಗಿರುವುದೂ ಅಪರೂಪ. ಬಾಗಿ, ತಿರುಚಿ, ಗಂಟುಗಂಟಾಗಿ ಬೆಳೆಯುತ್ತದೆ. ಹೂವಿಲ್ಲದ ಕಾಲದಲ್ಲಿ ಯಾರೂ ಅದನ್ನು ಚೆಲುವಿನ ಮರವೆಂದು ಕರೆಯಲಾರರು. ಆದರೆ ಸಹನೆಯಲ್ಲಿ ಅದಕ್ಕೆ ಸಾಟಿ ಕಡಮೆ. ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುವ, ಮಳೆಗಾಲದಲ್ಲಿ ನೀರು ಹಿಡಿದು ಬೇರನ್ನು ಕೊಳೆಸುವ ಎರೆಮಣ್ಣಿನಲ್ಲಿ ಬದುಕಬಲ್ಲ ಮರಗಳು ಕೆಲವೇ, ಮುತ್ತಲ ಅವುಗಳಲ್ಲೊಂದು. ಸವುಳು ನೆಲವನ್ನೂ ಅದು ತಾಳಿಕೊಳ್ಳುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಆಡು, ಕುರಿಗಳು ಅದರ ಎಲೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದುದರಿಂದಲೇ ಬೇರೆ ಮರಗಳು ಸೋತ ಕಡೆಯಲ್ಲಿಯೂ ಅದು ಉಳಿದುಬಂದಿದೆ.

ಒಂದು ಮರ, ಹಲವು ಹೆಸರು

ಈ ಮರಕ್ಕೆ ನಾಡುನಾಡಿನಲ್ಲಿಯೂ ಹೆಸರುಂಟು. ಭೀಮೆಯ ಆಚೆಯ ಮರಾಠಿಗರಿಗೆ ಅದು ಪಳಸ, ತೆಲುಗರಿಗೆ ಮೋದುಗ, ಹಿಂದಿಯವರಿಗೆ ಢಾಕ್ ಅಥವಾ ಟೇಸು. ಸಂಸ್ಕೃತದಲ್ಲಿ ಪಲಾಶವೆಂದರೆ ಎಲೆಯೆಂದೂ ಅರ್ಥ, ಈ ಮರವೆಂದೂ ಅರ್ಥ. ಎಲೆಯ ಹೆಸರನ್ನೇ ತನ್ನ ಹೆಸರಾಗಿ ಪಡೆದ ಈ ಮರದ ಎಲೆಗೆ ಹಿಂದಿನವರು ಎಷ್ಟು ಬೆಲೆ ಕೊಟ್ಟಿದ್ದರೆಂಬುದು ಇದರಿಂದಲೇ ತಿಳಿಯುತ್ತದೆ. ಇದಕ್ಕೆ ಇನ್ನೊಂದು ಹೆಸರು ಕಿಂಶುಕ, ‘ಇದೇನು ಗಿಳಿಯೋ?’ ಎಂಬ ಪ್ರಶ್ನೆಯೇ ಹೆಸರಾಗಿದೆ. ಕೆಂಪಗೆ ಕೊಕ್ಕಿನಂತೆ ಬಾಗಿದ ಎಸಳನ್ನು ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1757ರಲ್ಲಿ ಬಂಗಾಳದ ಭವಿಷ್ಯವನ್ನು ತಿರುಗಿಸಿದ ಪ್ಲಾಸಿಯ ಕದನ ನಡೆದ ಊರಿನ ನಿಜವಾದ ಹೆಸರು ಪಲಾಶಿ. ಆ ಹೆಸರಿನ ಮೂಲವೂ ಈ ಮರವೇ. ಇಂದು ಜಾರ್ಖಂಡ, ಉತ್ತರಪ್ರದೇಶಗಳು ಈ ಹೂವನ್ನು ತಮ್ಮ ರಾಜ್ಯಪುಷ್ಪವಾಗಿ ಗೌರವಿಸುತ್ತಿವೆ.

ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಬ್ಯುಟಿಯಾ ಮೊನೊಸ್ಪರ್ಮ. ಮೊದಲ ಪದ, 1762-63ರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದು ಸಸ್ಯವಿದ್ಯೆಗೆ ಆಶ್ರಯ ನೀಡಿದ ಬ್ಯೂಟ್ ಪ್ರಭುವಿನ ಸ್ಮರಣೆ. ಎರಡನೆಯ ಪದಕ್ಕೆ ‘ಒಂದೇ ಬೀಜದ್ದು’ ಎಂದರ್ಥ. ಇದರ ಚಪ್ಪಟೆಯಾದ ಕಾಯಿಯ ತುದಿಯಲ್ಲಿ ಇರುವುದು ಒಂದೇ ಬೀಜ.

ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಊರ ಹೆಸರುಗಳಲ್ಲಿಯೂ ಗಿಡಮರಗಳ ದನಿ ಕೇಳಿಬರುತ್ತದೆ. ಮಡಿವಾಳ ಮಾಚಿದೇವನ ಊರಾದ ದೇವರ ಹಿಪ್ಪರಗಿಯ ಹೆಸರು ಹಿಪ್ಪೆಯನ್ನು ನೆನಪಿಗೆ ತರುತ್ತದೆ. ಕೃಷ್ಣೆಯ ದಡದಲ್ಲಿ ನೀಲಾಂಬಿಕೆಯ ಐಕ್ಯಸ್ಥಳವೆನಿಸಿದ ತಂಗಡಗಿಯ ಹೆಸರು ಹಳದಿ ಹೂವಿನ ತಂಗಡಿಯನ್ನು ನೆನಪಿಗೆ ತರುತ್ತದೆ. ಸೇವುಣ ಅರಸ ಐದನೆಯ ಭಿಲ್ಲಮನ 1189ರ ಶಾಸನ ದೊರೆತ, ಬಾಗೇವಾಡಿ ಸೀಮೆಯ ಮುತ್ತಗಿಯ ಹೆಸರನ್ನು ಕೇಳಿದವರಿಗೆ ಮುತ್ತುಗ ನೆನಪಾಗದಿರದು.

ನಾಲ್ವರು ರಾಜಕುಮಾರರು

ಪಾಲಿ ಭಾಷೆಯ ಜಾತಕ ಕಥೆಗಳಲ್ಲಿ ಕಿಂಶುಕದ ಕಥೆಯೊಂದುಂಟು. ಕಾಶಿಯ ಅರಸನಿಗೆ ನಾಲ್ವರು ಮಕ್ಕಳು. ಕಿಂಶುಕವೆಂಬ ಮರವನ್ನು ನೋಡಬೇಕೆಂದು ಅವರು ಸಾರಥಿಯನ್ನು ಕೇಳುತ್ತಾರೆ. ಸಾರಥಿ ನಾಲ್ವರನ್ನೂ ಒಟ್ಟಿಗೆ ಕರೆದೊಯ್ಯದೆ ಬೇರೆ ಬೇರೆ ಕಾಲದಲ್ಲಿ ಒಬ್ಬೊಬ್ಬನನ್ನೇ ಕರೆದೊಯ್ದು ತೋರಿಸುತ್ತಾನೆ. ಮುಂದೊಂದು ದಿನ ನಾಲ್ವರೂ ಕುಳಿತು ಮಾತನಾಡುವಾಗ, ಕಿಂಶುಕವೆಂದರೆ ಸುಟ್ಟ ಮೋಟಿನಂತೆ ಎನ್ನುತ್ತಾನೆ ಒಬ್ಬ. ಆಲದ ಮರದಂತೆ ಎನ್ನುತ್ತಾನೆ ಇನ್ನೊಬ್ಬ. ಮಾಂಸದ ತುಂಡಿನಂತೆ ಎನ್ನುತ್ತಾನೆ ಮತ್ತೊಬ್ಬ. ಶಿರೀಷದಂತೆ ಎನ್ನುತ್ತಾನೆ ಕಡೆಯವನು. ವಾದ ಬೆಳೆದು ತಂದೆಯ ಬಳಿಗೆ ಹೋಗುತ್ತದೆ. ‘ನೀವೆಲ್ಲರೂ ಮರವನ್ನು ಕಂಡಿರಿ, ಆದರೆ ಉಳಿದ ಕಾಲಗಳಲ್ಲಿ ಅದು ಹೇಗಿರುತ್ತದೆಂದು ಸಾರಥಿಯನ್ನು ಕೇಳಲಿಲ್ಲ’ ಎಂಬುದು ತಂದೆಯ ತೀರ್ಪಿನ ಸಾರ.

ನಗರವಾಸಿಗಳಾದ ನಮಗೂ ಮುತ್ತಲಕ್ಕೂ ಇರುವ ಪರಿಚಯ ಬಹಳ ಮಟ್ಟಿಗೆ ಮೂರನೆಯ ರಾಜಕುಮಾರನದು. ರೈಲಿನ ಕಿಟಕಿಯಿಂದ ಹೂವನ್ನು ಕಾಣುತ್ತೇವೆ, ಮೆಚ್ಚುತ್ತೇವೆ, ಮರೆಯುತ್ತೇವೆ. ಹೂವಿನ ವೈಭವ ಕೆಲವು ವಾರಗಳದು. ಮರದ ಬಾಳು ಉಳಿದ ತಿಂಗಳುಗಳಲ್ಲಿದೆ; ಜನರೊಡನೆ ಅದಕ್ಕಿದ್ದ ನಂಟೂ ಆ ತಿಂಗಳುಗಳಲ್ಲಿಯೇ ಇದೆ.

ಹೂವು: ಕವಿಗೆ, ಹಕ್ಕಿಗೆ, ಓಕುಳಿಗೆ

ಕಾಳಿದಾಸನು ಕುಮಾರಸಂಭವದ ಮೂರನೆಯ ಸರ್ಗದಲ್ಲಿ, ಅಕಾಲದಲ್ಲಿ ಬಂದ ವಸಂತವನ್ನು ವರ್ಣಿಸುವಾಗ, ಇನ್ನೂ ಅರಳದ ಪಲಾಶದ ಮೊಗ್ಗುಗಳ ಬಾಗನ್ನು ಎಳೆಯ ಚಂದ್ರನಿಗೆ ಹೋಲಿಸಿದ್ದಾನೆ. ನೀತಿಕಾರರಿಗೆ ಮಾತ್ರ ಈ ಹೂವಿನಲ್ಲಿ ಒಂದು ಕೊರತೆ ಕಂಡಿತು: ರೂಪವುಂಟು, ಗಂಧವಿಲ್ಲ. ವಿದ್ಯೆಯಿಲ್ಲದ ಚೆಲುವನಿಗೆ ಅದನ್ನು ಉಪಮಾನವಾಗಿ ನಿಲ್ಲಿಸಿದರು. ಆದರೆ ನೀತಿಕಾರರು ಹೇಳದ ಸಂಗತಿಯೊಂದಿದೆ. ಈ ಹೂವು ಕರೆಯುವುದು ಹೆಚ್ಚಾಗಿ ಹಕ್ಕಿಗಳನ್ನು; ಅವಕ್ಕೆ ಬೇಕಾದುದು ಕಂಪಲ್ಲ, ಬಣ್ಣ ಮತ್ತು ಮಕರಂದ. ಸೂರಕ್ಕಿ, ಗೊರವಂಕ ಮೊದಲಾದುವು ಬೆಳಗಿನಿಂದಲೇ ಮರವನ್ನು ಮುತ್ತುತ್ತವೆ. ಅಳಿಲುಗಳೂ ಹಿಂದೆ ಬೀಳುವುದಿಲ್ಲ. ಹಳ್ಳಗಳು ಬತ್ತುವ ಆ ದಿನಗಳಲ್ಲಿ ಈ ಮಕರಂದವೇ ಅವಕ್ಕೆ ಆಧಾರ.

ಹೋಳಿಹುಣ್ಣಿಮೆಯ ಹೊತ್ತಿಗೆ ಮುತ್ತಲ ಹೂಬಿಟ್ಟಿರುವುದು ಕಾಕತಾಳೀಯವಲ್ಲವೆಂಬಂತೆ, ಓಕುಳಿಯ ಬಣ್ಣ ಬಹುಕಾಲದಿಂದ ಈ ಹೂವಿನಿಂದಲೇ ಆಗುತ್ತಿತ್ತು. ಉದುರಿದ ಹೂಗಳನ್ನು ಆರಿಸಿ ತಂದು, ಕುದಿನೀರಿನಲ್ಲಿ ಹಾಕಿ ರಾತ್ರಿಯೆಲ್ಲ ನೆನೆಯಬಿಟ್ಟರೆ ಬೆಳಗಾಗುವುದರೊಳಗೆ ಕೇಸರಿ ಹಳದಿಯ ನೀರು ಸಿದ್ಧ. ಚಿಟಿಕೆ ಸುಣ್ಣ ಬಿದ್ದರೆ ಬಣ್ಣ ಕಿತ್ತಳೆಯ ಕಡೆಗೆ ಗಾಢವಾಗುತ್ತದೆ. ಮಕ್ಕಳು ಆಡುವ ನೀರಿಗೆ ಸುಣ್ಣ ಬೆರಸದಿರುವುದೇ ಲೇಸು. ಕಣ್ಣಿಗೆ ಬಿದ್ದರೆ ಕೇಡು. ಪಟಿಕದ ನೀರಿನಲ್ಲಿ ಅದ್ದಿದ ಬಟ್ಟೆಗೆ ಇದೇ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಪಟಿಕವಿಲ್ಲದಿದ್ದರೆ ಒಗೆತಕ್ಕೆ ಬಿಟ್ಟುಹೋಗುತ್ತದೆ. ಓಕುಳಿಯ ಮಟ್ಟಿಗೆ ಬಿಟ್ಟುಹೋಗುವುದೇ ಅದರ ಗುಣ.

ಈ ಬಣ್ಣದ ಗುಟ್ಟನ್ನು ರಸಾಯನಶಾಸ್ತ್ರಜ್ಞರೂ ಬಿಡಿಸಿದ್ದಾರೆ. ಹೂವಿನಲ್ಲಿರುವ ಬ್ಯುಟ್ರಿನ್, ಐಸೊಬ್ಯುಟ್ರಿನ್ ಎಂಬ ದ್ರವ್ಯಗಳಲ್ಲಿ ಸಕ್ಕರೆಯ ಅಂಶ ಕೂಡಿಕೊಂಡಿರುತ್ತದೆ. ಅದು ಕಳಚಿದಾಗ ಬ್ಯುಟೀನ್ ಎಂಬ ಗಾಢವರ್ಣದ ದ್ರವ್ಯ ಹೊರಬರುತ್ತದೆ. ಈ ವಿಷಯದಲ್ಲಿ ದುಡಿದವರಲ್ಲಿ ಪ್ರಸಿದ್ಧ ರಸಾಯನಶಾಸ್ತ್ರಜ್ಞರಾದ ಟಿ. ಆರ್. ಶೇಷಾದ್ರಿಯವರೂ ಒಬ್ಬರು.

ಎಲೆ: ಪಂಕ್ತಿಯ ಮುಂದೆ

ಹೂವು ಉದುರಿ ಚೈತ್ರ ವೈಶಾಖಗಳು ಬಂದಂತೆ ಮರ ಚಿಗುರುತ್ತದೆ. ಒಂದೊಂದು ತೊಟ್ಟಿಗೂ ಮೂರು ಮೂರು ಎಲೆ. ತ್ರಿಮೂರ್ತಿಗಳೆಂದು ಭಕ್ತರು ಅವನ್ನು ಕಂಡರು. ಏನು ಮಾಡಿದರೂ ಫಲ ಅಷ್ಟೇ ಎನ್ನಬೇಕಾದಾಗ ಹಿಂದಿಯವರು ‘ಢಾಕಿಗೆ ಮೂರೇ ಎಲೆ’ ಎಂದು ನಕ್ಕರು. ಎಳೆಯದಾಗಿದ್ದಾಗ ರೇಷ್ಮೆಯಂತೆ ನವುರಾಗಿದ್ದ ಎಲೆ ಬಲಿತ ಮೇಲೆ ತೊಗಲಿನಂತೆ ಗಟ್ಟಿ. ಅಗಲ ಬೇಕು, ಬಿರುಸು ಬೇಕು, ಬಿಸಿಗೆ ಬಾಡಬಾರದು, ಸಾರಿಗೆ ಸೋರಬಾರದು: ಊಟದೆಲೆಗೆ ಇರಬೇಕಾದ ಗುಣಗಳೆಲ್ಲ ಇದರಲ್ಲಿವೆ. ಬಾಳೆ ಬೆಳೆಯುವುದಕ್ಕೆ ನೀರಿಲ್ಲದ ಸೀಮೆಯಲ್ಲಿ ದೇವರು ಕೊಟ್ಟ ಬಾಳೆಲೆ ಇದು.

ಪತ್ರಾವಳಿ ಹಚ್ಚುವುದು ನೋಡುವವರಿಗೆ ಸುಲಭವೆಂದು ತೋರಬಹುದು. ಎಲೆಗಳನ್ನು ಮುಖ ನೋಡಿ ಜೋಡಿಸಬೇಕು. ಅಂಚಿನ ಮೇಲೆ ಅಂಚು ಬರುವಂತೆ ಹಾಸಿ, ಸೀಳಿದ ಸಣ್ಣ ಕಡ್ಡಿಯಿಂದ ಚುಚ್ಚಿ, ಮಡಿಸಿ, ಮುರಿದು ಕೂಡಿಸಬೇಕು. ಕಡ್ಡಿಯ ತುದಿ ಉಣ್ಣುವವನ ಬೆರಳಿಗೆ ತಾಗಬಾರದು. ಹಚ್ಚಿದ ಎಲೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಕಲ್ಲು ಹೇರಿ ಒಣಗಿಸಿದರೆ ತಿಂಗಳುಗಟ್ಟಲೆ ಇಡಬಹುದು. ಬೇಕಾದ ದಿನ ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುತ್ತವೆ. ಬೇಸಿಗೆಯಲ್ಲಿ ಹೊಲದ ಕೆಲಸವಿಲ್ಲದಾಗ ಬಡ ಹೆಣ್ಣುಮಕ್ಕಳು ಎಲೆ ತಂದು, ಪಡಸಾಲೆಯಲ್ಲಿ ಕುಳಿತು ಹಚ್ಚಿ, ಕಟ್ಟುಕಟ್ಟಾಗಿ ಮಾರುತ್ತಿದ್ದರು. ಮದುವೆ, ಜಾತ್ರೆ, ಮಠದ ದಾಸೋಹ, ದಿವಸದ ಊಟ, ಎಲ್ಲಕ್ಕೂ ಆ ಕಟ್ಟುಗಳೇ ಆಗಬೇಕಾಗಿತ್ತು. ಉಂಡು ಎಸೆದ ಎಲೆ ತಿಪ್ಪೆ ಸೇರಿ, ಮರುವರ್ಷ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು.

ದಂಡವೂ ಪತ್ರಾವಳಿಯೂ

ವೈದಿಕ ಸಂಪ್ರದಾಯದಲ್ಲಿ ಪಲಾಶಕ್ಕೆ ಬಹಳ ದೊಡ್ಡ ಸ್ಥಾನ. ಯಜ್ಞದಲ್ಲಿ ಆಹುತಿ ಕೊಡುವ ‘ಜುಹೂ’ ಎಂಬ ಸೌಟು ಈ ಮರದ್ದು. ನವಗ್ರಹ ಹೋಮದಲ್ಲಿ ಚಂದ್ರನಿಗೆ ಅರ್ಪಿಸುವ ಸಮಿತ್ತು ಇದರದು. ಉಪನಯನದಲ್ಲಿ ಬ್ರಾಹ್ಮಣ ವಟುವಿನ ಕೈಗೆ ಕೊಡುವ ದಂಡವೂ ಪಲಾಶದ್ದು, ಇಲ್ಲವೆ ಬಿಲ್ವದ್ದು.

ಬಾಗೇವಾಡಿಯ ನೆಲದಲ್ಲಿ ನಿಂತು ಈ ಮಾತನ್ನು ನೆನೆಯುವಾಗ ಇನ್ನೊಂದು ಕಥೆ ನೆನಪಾಗದೆ ಇರದು. 12ನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿದ ಬಸವಣ್ಣನು ಆ ದಂಡದ ದಾರಿಯನ್ನು ಬಿಟ್ಟು ನಡೆದವನು. ಭೀಮಕವಿ 1369ರಲ್ಲಿ ರಚಿಸಿದ ಬಸವಪುರಾಣದಲ್ಲಿ ಬಾಲಕ ಬಸವನು ಉಪನಯನವನ್ನೇ ಒಲ್ಲೆನೆನ್ನುತ್ತಾನೆ. ಅದಕ್ಕಿಂತ ಹಿಂದಿನ ಹರಿಹರನ ರಗಳೆಯಲ್ಲಿ, ಉಪನಯನವಾದ ಬಳಿಕ ಜನಿವಾರವನ್ನು ತೊರೆದು ಕಪ್ಪಡಿಸಂಗಮಕ್ಕೆ ಹೋಗುತ್ತಾನೆ. ಕಥೆಯ ವಿವರ ಬೇರೆಯಾದರೂ ತಿರುಳು ಒಂದೇ. ಮುಂದೆ ಅವನ ಮಾರ್ಗದವರು ಎತ್ತಿಹಿಡಿದುದು ಕಾಯಕವನ್ನೂ ದಾಸೋಹವನ್ನೂ.

ಇದೇ ಮರದ ಕೊಂಬೆ ಒಬ್ಬ ವಟುವಿನ ಕೈಯಲ್ಲಿ ದಂಡವಾಗುತ್ತದೆ. ಇದೇ ಮರದ ಎಲೆ ಸಾವಿರ ಜನರ ಮುಂದೆ ಪತ್ರಾವಳಿಯಾಗುತ್ತದೆ. ದಂಡಕ್ಕೆ ಕುಲದ ವಿಚಾರವುಂಟು; ಎಲೆ ಕುಲವನ್ನು ಕೇಳದು. ಪಂಕ್ತಿಭೇದ ಮಾಡಿದವರು ಮನುಷ್ಯರು, ಮರವಲ್ಲ.

ಅಂಟು, ಬೀಜ, ಬೇರು, ಕಟ್ಟಿಗೆ

ತೊಗಟೆಗೆ ಗಾಯವಾದರೆ ಮಾಣಿಕ್ಯದಂತೆ ಕೆಂಪಾದ ರಸ ಒಸರಿ ಗಟ್ಟಿಯಾಗುತ್ತದೆ. ಒಗರು ಅದರ ಮುಖ್ಯ ಗುಣ. ಭೇದಿಯನ್ನು ನಿಲ್ಲಿಸುವುದಕ್ಕೆ ದೇಶೀ ವೈದ್ಯರು ಅದನ್ನು ಕೊಡುತ್ತಿದ್ದರು. ಉತ್ತರದೇಶದಲ್ಲಿ ‘ಕಮರ್‌ಕಸ್’ ಎಂಬ ಹೆಸರಿನಿಂದ ಬಾಣಂತಿಯರಿಗೆ ಕೊಡುವುದೂ ಇದನ್ನೇ. ನಮ್ಮ ಕಡೆಯ ಅಂಟಿನುಂಡಿಗೆ ತುಪ್ಪದಲ್ಲಿ ಹುರಿದು ಅರಳಿಸುವ ಬಿಳುಪು ಅಂಟು ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು.

ಬೀಜವು ಜಂತುಹುಳುವಿಗೆ ಮದ್ದೆಂದು ಆಯುರ್ವೇದದಲ್ಲಿ ಹೆಸರಾದುದು. ನಿಂಬೆಯ ರಸದಲ್ಲಿ ಅರೆದು ಗಜಕರ್ಣಕ್ಕೆ ಹಚ್ಚುವ ರೂಢಿಯೂ ಇದ್ದಿತು. ಆದರೆ ಇಲ್ಲಿ ಎಚ್ಚರಿಕೆ ಬೇಕು. ಬೀಜದಲ್ಲಿರುವ ಪಲಾಸೋನಿನ್ ಎಂಬ ದ್ರವ್ಯವು, ಮೈಗೆ ತಾಗಿದರೆ ಬೊಬ್ಬೆ ಎಬ್ಬಿಸುವ ಕೀಟಗಳಲ್ಲಿನ ವಿಷಕ್ಕೆ ಹತ್ತಿರದ ಸಂಬಂಧಿ. ಹಿರಿಯರು ಮಾಡುತ್ತಿದ್ದರೆಂದು ಮನೆಯಲ್ಲಿ ಅರೆದು ಮಕ್ಕಳಿಗೆ ಕುಡಿಸುವುದು ಅಪಾಯ. ಅದು ಬಲ್ಲ ವೈದ್ಯರ ಕೈಯ ಕೆಲಸ.

ಬೇರನ್ನು ಜಜ್ಜಿದರೆ ಬಿಗಿಯಾದ ನಾರು ಬಿಡುತ್ತದೆ. ಆ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಬೇರಿನ ತುಂಡೊಂದರ ತುದಿಯನ್ನಷ್ಟೇ ಜಜ್ಜಿದರೆ ಗೋಡೆಗೆ ಸುಣ್ಣ ಹಚ್ಚುವ ಕುಂಚ ಸಿದ್ಧವಾಗುತ್ತಿತ್ತು. ಕಟ್ಟಿಗೆ ಮೆದು, ಗಾಳಿ ಬಿಸಿಲಿನಲ್ಲಿ ಬಹುಕಾಲ ಬಾಳದು. ನೀರಿನಲ್ಲಿ ಮುಳುಗಿದ್ದರೆ ಮಾತ್ರ ಚೆನ್ನಾಗಿ ಬಾಳುತ್ತದೆ. ಆದುದರಿಂದ ಬಾವಿಯ ಒಳಗಟ್ಟಿಗೂ ನೀರೆತ್ತುವ ಮರಿಗೆಗಳಿಗೂ ಅದನ್ನು ಬಳಸುತ್ತಿದ್ದರು. ಎಲೆ ಎಮ್ಮೆಗಳಿಗೆ ಮೇವೂ ಹೌದು.

ಇನ್ನು ಅರಗು. ಮಹಾಭಾರತದ ಅರಗಿನ ಮನೆಯಿಂದ ಹೆಂಗಳೆಯರ ಅರಗಿನ ಬಳೆಯವರೆಗೆ ನಮಗೆ ಪರಿಚಿತವಾದ ಈ ಪದಾರ್ಥ ಒಂದು ಸಣ್ಣ ಕೀಟದ ಸೃಷ್ಟಿ. ಆ ಕೀಟವನ್ನು ಸಾಕುವ ಮರಗಳಲ್ಲಿ ಮುತ್ತುಗ ಮುಖ್ಯವಾದುದು. ಛೋಟಾ ನಾಗಪುರದ ಸೀಮೆಯಲ್ಲಿ ಇದು ಬಡ ರೈತರ ಜೀವನೋಪಾಯ. ಅದರ ಸಂಶೋಧನೆಗೆಂದೇ 1924ರಲ್ಲಿ ರಾಂಚಿಯ ಬಳಿ ಒಂದು ಸಂಸ್ಥೆ ಸ್ಥಾಪನೆಯಾಯಿತು. ವಿಜಯಪುರದ ಬಯಲಿನಲ್ಲಿ ಅರಗಿನ ಬೇಸಾಯ ಅಂಥ ಪ್ರಸಿದ್ಧಿ ಪಡೆದಿಲ್ಲ. ಇಲ್ಲಿ ಮರವನ್ನು ಕಾಯ್ದುದು ಎಲೆ.

ಬಳಕೆಯೇ ಬೇಲಿ

ಎಲೆ ಬೇಕಾಗಿದ್ದಷ್ಟು ಕಾಲ ಮರದ ಮೇಲೆ ಊರಿನ ಕಣ್ಣಿತ್ತು. ಯಾವ ಹಳ್ಳದ ದಂಡೆಯಲ್ಲಿ ಎಷ್ಟು ಮುತ್ತಲಗಳಿವೆ, ಯಾವುದರ ಎಲೆ ಅಗಲ, ಯಾವುದು ಮೊದಲು ಚಿಗುರುತ್ತದೆ ಎಂಬುದು ಎಲೆ ಹಚ್ಚುವ ಹೆಣ್ಣುಮಕ್ಕಳಿಗೆ ಬಾಯಿಪಾಠ. ಬದುವಿನ ಮರವನ್ನು ಕಡಿಯುವ ಮುನ್ನ ರೈತನೂ ಒಮ್ಮೆ ಯೋಚಿಸುತ್ತಿದ್ದ. ಮನೆಯಲ್ಲಿ ಮದುವೆಯಾದರೆ ಎಲೆಗೆ ಎಲ್ಲಿಗೆ ಹೋಗುವುದು? ಹಾಗೆಂದು ಬಳಕೆಯೆಲ್ಲವೂ ಮರಕ್ಕೆ ಹಿತವಾಗಿತ್ತೆಂದಲ್ಲ. ಬೇರನ್ನು ಅಗೆಯುವುದು, ಅಂಟಿಗಾಗಿ ತೊಗಟೆಯನ್ನು ಮಿತಿಮೀರಿ ಕೊಚ್ಚುವುದು ಅದಕ್ಕೆ ಮಾರಕವೇ. ಎಲೆ ಕೀಳುವುದು, ಉದುರಿದ ಹೂವನ್ನು ಆರಿಸುವುದು ಮಾತ್ರ ಮರವನ್ನು ಕೊಲ್ಲದ ಬಳಕೆ.

ಮೊದಲು ಕಾಗದದ ತಟ್ಟೆ ಬಂದಿತು. ಬಳಿಕ ಪ್ಲಾಸ್ಟಿಕ್ಕು, ಥರ್ಮೊಕೋಲು. ಅಗ್ಗ, ಹಗುರ, ಕಡ್ಡಿ ಚುಚ್ಚುವ ಭಯವಿಲ್ಲ. ಪತ್ರಾವಳಿಯ ಕಟ್ಟನ್ನು ಕೊಳ್ಳುವವರು ಕಡಮೆಯಾದರು. ಹಚ್ಚುವ ಕೈಗಳೂ ಕಡಮೆಯಾದುವು. ಪೇಟೆಯ ಪುಡಿಬಣ್ಣ ಓಕುಳಿಯ ಹೂವನ್ನು ಹಿಂದಕ್ಕೆ ತಳ್ಳಿತು. ಎಲೆಯೂ ಬೇಡ, ಹೂವೂ ಬೇಡವಾದ ಮೇಲೆ ಬದುವಿನ ಮರ ನೆಳಲು ಚೆಲ್ಲಿ ಬೆಳೆಯನ್ನು ಕುಗ್ಗಿಸುವ ಹೊರೆಯಾಗಿ ಕಾಣುವುದು ಸಹಜ. ಆಲಮಟ್ಟಿಯ ನೀರು, ಮುಳವಾಡದಂಥ ಏತ ನೀರಾವರಿ ಯೋಜನೆಗಳು ಈ ಸೀಮೆಗೆ ಹೊಸ ಬಾಳನ್ನು ತಂದಿವೆ. ಇಂಡಿಯ ನಿಂಬೆ ದೂರದೂರಕ್ಕೆ ಹೆಸರಾಗಿದೆ. ಇದು ಸಂತೋಷದ ವಿಷಯವೇ. ಆದರೆ ನೀರು ಬಂದಲ್ಲಿ ಬದುಗಳು ಕಿರಿದಾಗುತ್ತವೆ, ರಸ್ತೆಗಳು ಅಗಲವಾಗುತ್ತವೆ. ಯಾರೂ ನೆಡದೆ ತಾನಾಗಿ ಬೆಳೆದ ಮರಕ್ಕೆ ಕೊಡಲಿ ಮೊದಲು ಬೀಳುತ್ತದೆ.

ಕಾನೂನು ಈಗ ಅರ್ಧ ದಾರಿಗೆ ಬಂದು ನಿಂತಿದೆ. ಕರ್ನಾಟಕದಲ್ಲಿ 2016ರಿಂದಲೂ, ದೇಶದಾದ್ಯಂತ 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧವಿದೆ. ಆದರೆ ನಿಷೇಧದಿಂದ ತೆರವಾದ ಜಾಗವನ್ನು ತುಂಬಬೇಕಾದವರು ಉಣ್ಣುವವರು, ಉಣಬಡಿಸುವವರು. ಮನೆಯ ಶುಭಕಾರ್ಯಕ್ಕೆ ಛತ್ರವನ್ನು ಗೊತ್ತುಮಾಡುವಾಗ ಊಟದೆಲೆ ಯಾವುದೆಂದು ಒಂದು ಮಾತು ಕೇಳಿದರೆ ಸಾಕು. ಎಲ್ಲೋ ಒಂದು ಹಳ್ಳಿಯ ಪಡಸಾಲೆಯಲ್ಲಿ ಒಬ್ಬ ಹೆಣ್ಣುಮಗಳ ಬೇಸಿಗೆಗೆ ಕೆಲಸ ಸಿಕ್ಕೀತು. ಮುದುಕಿಯರ ಕೈಯಲ್ಲಿ ಉಳಿದಿರುವ ಆ ಜಾಣ್ಮೆಯನ್ನು ಮೊಮ್ಮಕ್ಕಳು ಕಲಿಯುವುದಕ್ಕೆ ಒಂದು ಕಾರಣ ದೊರೆತೀತು.

ನೆಡಬಯಸುವವರಿಗೂ ಒಂದು ಮಾತು. ಜ್ಯೇಷ್ಠದ ಹೊತ್ತಿಗೆ ಕಾಯಿ ಬಲಿತು ಗಾಳಿಗೆ ಹಾರಿಬೀಳುತ್ತದೆ. ಬೀಜ ಬಹುದಿನ ಜೀವ ಹಿಡಿದಿರುವುದಿಲ್ಲ. ಅದೇ ವರ್ಷ ಮೊದಲ ಹಸಿಮಳೆಗೆ ನೆಲದಲ್ಲಿಯೇ ಊರುವುದು ಒಳ್ಳೆಯದು. ಎಳೆಯ ಸಸಿ ಮೊದಲು ಬೇರಿಳಿಸುತ್ತದೆ, ಆಮೇಲೆ ತಲೆಯೆತ್ತುತ್ತದೆ. ಮೊದಲ ವರ್ಷಗಳಲ್ಲಿ ಅದು ಬೆಳೆಯಲಿಲ್ಲವೆಂದು ಬೇಸರಪಡಬಾರದು. ಮನೆಯಂಗಳಕ್ಕಿಂತ ಶಾಲೆಯ ಬಯಲು, ಕೆರೆಯ ಏರಿ, ಊರ ಹೊರಗಿನ ರಸ್ತೆಯಂಚು ಅದಕ್ಕೆ ತಕ್ಕ ಜಾಗ. ಅಲ್ಲಿ ಬೇರೂರಿದ ಮೇಲೆ ನೀರೆರೆಯುವ ಕೆಲಸವೂ ಇಲ್ಲ, ದನ ಮೇಯ್ದೀತೆಂಬ ಅಂಜಿಕೆಯೂ ಹೆಚ್ಚಿಲ್ಲ. ಅದಕ್ಕೆ ಬೇಕಾದುದು ಇಷ್ಟೇ: ಹೂವಿನ ಕಾಲದಲ್ಲಿ ಮೆಚ್ಚುವ ಕಣ್ಣುಗಳ ಜೊತೆಗೆ, ಎಲೆಯ ಕಾಲದಲ್ಲಿ ಅದನ್ನು ಅರಸಿಕೊಂಡು ಬರುವ ಕೈಗಳು.